ಮಳೆ ಕಟ್ಟಿದವಳ ಇಟ್ಟಿಗೆ

ನನ್ನ ಅಜ್ಜಿ ಮಳೆ ಕಟ್ಟಿದ್ದಾಳಂತೆ.

ಹಗ್ಗ ಎಲ್ಲಿಂದ ತಂದಳು ಎಂದು ಯಾರೂ ಹೇಳಲಿಲ್ಲ. ಆಡು ಕಟ್ಟಲು ನಮ್ಮ ಮನೆಯಲ್ಲಿ ಒಂದು ಗಟ್ಟಿ ಹಗ್ಗವಿಲ್ಲ. ಆಡೂ ಇಲ್ಲ. ಆದರೆ ಮಳೆ ಕಟ್ಟುವಷ್ಟು ಹಗ್ಗ ಇದೆಯಂತೆ. ನಮ್ಮ ನಾಮಿಸೂ ಹಳ್ಳಿಯ ತಲೆಗಳೆಲ್ಲ ಕೂಡಿ ಯೋಚಿಸಿ ಕಂಡುಹಿಡಿದ ಸಂಗತಿ ಇದು. ತಲೆಗಳು ಎಂದರೆ ಗಂಡಸರ ತಲೆಗಳು. ಹೆಂಗಸರ ತಲೆಗೆ ಬಿಡುವಿರಲಿಲ್ಲ. ಅವುಗಳ ಮೇಲೆ ಕೊಡ ಇತ್ತು.

ಅಜ್ಜಿಯ ಹೆಸರು ಎಸ್ನಾಟಿ. ಅವಳು ಮಾಡಿದ ಅಪರಾಧ ಇಟ್ಟಿಗೆ ಹೊಯ್ದದ್ದು.

ಮಲಾವಿಯ ಈ ಬೆಟ್ಟದಡಿಯ ಊರುಗಳಲ್ಲಿ ಮಗುವಿಗೂ ಗೊತ್ತಿರುವ ಮಾತು: ಹಸಿ ಇಟ್ಟಿಗೆ ಪೇರಿಸಿಟ್ಟವನಿಗೆ ಮಳೆ ಬೇಡ. ಮಳೆ ಬಂದರೆ ಇಟ್ಟಿಗೆ ಕರಗಿ ಮಣ್ಣಾಗುತ್ತದೆ. ಅದಕ್ಕೇ ಅವನು ಮದ್ದು ಮಾಡಿಸಿ ಮೋಡವನ್ನು ಬೆಟ್ಟದಾಚೆ ಕಟ್ಟಿಹಾಕುತ್ತಾನೆ. ಅಂಗಡಿಯವನ ಮೇಲೆ, ಮೇಷ್ಟ್ರ ಮೇಲೆ ಹೀಗೆ ಹೇಳಿದ್ದುಂಟು. ಅವರು ಒಂದು ಕೋಳಿ ಕೊಟ್ಟು ಬಾಯಿ ಮುಚ್ಚಿಸಿದ್ದೂ ಉಂಟು. ಈ ಸಲ ಸಿಕ್ಕಿದ್ದು ಗಂಡನಿಲ್ಲದ, ಹಲ್ಲಿಲ್ಲದ, ಕೋಳಿಯೂ ಇಲ್ಲದ ಮುದುಕಿ. ಊರಿಗೆ ಹಬ್ಬ.

ಆ ಇಟ್ಟಿಗೆಗಳನ್ನು ಹೊಯ್ದದ್ದು ನಾನು ಮತ್ತು ಅವಳು. ಬೇಸಗೆಯಲ್ಲಿ ನಸೋಲೊ ತೊರೆಯ ಪಾತ್ರದಲ್ಲಿ ಮೊಣಕಾಲುದ್ದ ಅಗೆದರೆ ಇನ್ನೂ ಕೆಸರು ಜಿನುಗುತ್ತಿತ್ತು. ಆ ಕೆಸರು ಎತ್ತಿ ಮಣ್ಣಿಗೆ ಸುರಿದು ತುಳಿದೆವು. ಬೆಳಗಿನಿಂದ ತುಳಿದರೆ ಮಧ್ಯಾಹ್ನದ ಹೊತ್ತಿಗೆ ಕಾಲು ನಮ್ಮದಲ್ಲ ಅನ್ನಿಸುತ್ತಿತ್ತು. ಮಣ್ಣಿನೊಳಗಿನ ಕಲ್ಲಿನ ಚೂರು ಅಂಗಾಲು ಸೀಳುತ್ತಿತ್ತು. ನೋವು ತಿಳಿಯದಿರಲೆಂದು ಅಜ್ಜಿ ಕಥೆ ಹೇಳುತ್ತಿದ್ದಳು. ನಾನು ತುಳಿಯುತ್ತ ಕನಸು ಕಾಣುತ್ತಿದ್ದೆ. ತುಳಿದಾದ ಮೇಲೆ ಅಚ್ಚಿಗೆ ಮಣ್ಣು ಬಡಿಯುವುದು, ಬಗ್ಗಿ ಓಡುವುದು, ಮಗುಚಿ ಹಾಕುವುದು, ಮತ್ತೆ ಓಡಿ ಬರುವುದು. ಒಣಗಿಸಿ ಪೇರಿಸಿಟ್ಟೆವು, ಸುಡಲು ಸೌದೆ ಸಿಗಲಿಲ್ಲ. ಅವಳ ಬೆನ್ನು ಬಾಗಿದ್ದು ಆ ಬೇಸಗೆಯಲ್ಲಿ. ಮತ್ತೆ ನೆಟ್ಟಗಾಗಲೇ ಇಲ್ಲ.

ಮುದುಕಿಗೆ ಇಟ್ಟಿಗೆ ಮನೆಯ ಶೋಕಿ ಯಾಕೆ ಎಂದು ಊರು ಕೇಳಿತು. ಗೊತ್ತಿದ್ದೇ ಕೇಳಿತು.

ನಮ್ಮ ಹಿಂದಿನ ಮನೆ ಮಣ್ಣಿನ ಗೋಡೆಯದು. ಅದರ ಹಿಂದೆ ಬೆಟ್ಟ. ಒಂದು ಕಾಲಕ್ಕೆ ಬೆಟ್ಟದ ತುಂಬ ಕಾಡಿತ್ತು. ಚಹಾ ಎಸ್ಟೇಟಿನವರು ಕಾಡು ಕಡಿದು ನೀಲಗಿರಿ ನೆಟ್ಟರು. ಚಹಾ ಎಲೆ ಒಣಗಿಸುವ ಒಲೆಗೆ ಸೌದೆ ಬೇಕಲ್ಲ. ನೀಲಗಿರಿ ಬಲಿತ ಮೇಲೆ ನೆತ್ತಿಯ ಭಾಗ ಪೂರ್ತಿ ಕಡಿದರು. ಬೆಟ್ಟ ಬೋಳಾಯಿತು. ಆ ವರ್ಷವೇ ಕಡಲ ಕಡೆಯಿಂದ ಬಿರುಗಾಳಿ ಮಳೆ ಬಂತು. ಹಿಡಿದುಕೊಳ್ಳಲು ಬೆಟ್ಟಕ್ಕೆ ಒಂದು ಬೇರಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಬೆಟ್ಟವೇ ಇಳಿದು ಬಂತು. ಬಂಡೆ, ಕೆಸರು, ಮರದ ಬೊಡ್ಡೆ. ನಾನು, ಅಜ್ಜಿ ಹೊರಗೆ ಓಡಿದೆವು. ಅಮ್ಮ ಒಳಗಿದ್ದಳು. ಗೋಡೆ ಅವಳ ಮೇಲೆ ಮಲಗಿತು.

ಆಗ ಯಾರೂ ಮಾವಿನ ಮರದ ಕೆಳಗೆ ಸಭೆ ಸೇರಲಿಲ್ಲ. ಈ ಮಳೆಯನ್ನು ಬಿಚ್ಚಿದವರು ಯಾರು ಎಂದು ಯಾರೂ ಕೇಳಲಿಲ್ಲ. ಎಸ್ಟೇಟಿನವರು ಮನೆಗೊಂದು ಕಂಬಳಿ ಕೊಟ್ಟರು. ಊರಿನ ಯಜಮಾನ ಬಿಸ್ವಿಕ್ ಚಪ್ಪಾಳೆ ತಟ್ಟಿಸಿದ. ಅಮ್ಮನಿಗೂ ಒಂದು ಕಂಬಳಿ ಬಂತು. ಸತ್ತವರಿಗೆ ಚಳಿಯಾಗಬಾರದಲ್ಲ.

"ಇನ್ಮೇಲೆ ಮಣ್ಣಿನ ಗೋಡೆ ಒಳಗೆ ನಿನ್ನ ಮಲಗ್ಸಾಕಿಲ್ಲ ಕೂಸೆ," ಎಂದಳು ಅಜ್ಜಿ ನನಗೆ. "ಸುಟ್ಟ ಇಟ್ಟಿಗೆ. ಒಂದೇ ಕೋಣೆ ಆದ್ರೂ ಸೈ."

ಇಷ್ಟೇ ಅವಳ ಶೋಕಿ.

ಅವಳು ತುಳಿಯುತ್ತ ಹೇಳುತ್ತಿದ್ದ ಕಥೆಗಳಲ್ಲಿ ಒಂದು ಮೋಡದ್ದು. ನಮ್ಮಲ್ಲಿ ಮದುವೆಯಾದ ಗಂಡು ಹೆಂಡತಿಯ ಊರಿಗೆ ಬಂದು ಇರುತ್ತಾನೆ. ಮೋಡವೂ ಹಾಗೆ ಮನೆ ಅಳಿಯನಂತೆ. ಬೆಟ್ಟ ಅವನ ಅತ್ತೆ. ಕಡಲಿನಿಂದ ಮೂಟೆ ಹೊತ್ತು ನಡೆದು ಸುಸ್ತಾಗಿ ಬರುತ್ತಾನೆ. ಅತ್ತೆ ಎಲೆಯ ಚಾಪೆ ಹಾಸುತ್ತಾಳೆ, ತಣ್ಣನೆಯ ಉಸಿರು ಬೀಸುತ್ತಾಳೆ. ಅವನು ಮೂಟೆ ಇಳಿಸುತ್ತಾನೆ. ಅತ್ತೆ ಅದನ್ನು ಒಂದೇ ದಿನ ಖರ್ಚು ಮಾಡುವುದಿಲ್ಲ. ಬೇರಿನ ಗಂಟಿನಲ್ಲಿ ಕಟ್ಟಿಟ್ಟು ಇಷ್ಟಿಷ್ಟೇ ತೊರೆಗೆ ಬಿಡುತ್ತಾಳೆ. ಉಳಿದದ್ದನ್ನು ಎಲೆಯ ಬಾಯಿಂದ ಅಳಿಯನಿಗೆ ವಾಪಸು ಬುತ್ತಿ ಕಟ್ಟಿ ಕಳಿಸುತ್ತಾಳೆ, ಮುಂದಿನ ಊರಿಗೆ.

"ಈಗ ಅತ್ತೆ ತಲೆ ಬೋಳ್ಸವ್ರೆ. ಚಾಪೆ ಕಿತ್ತು ಒಲೆಗೆ ಹಾಕವ್ರೆ. ಅಳಿಯ ಬತ್ತಾನೆ, ಬಾಗಿಲಲ್ಲಿ ನಿಂತು ನೋಡ್ತಾನೆ, ಮುಂದಕ್ಕೋಯ್ತಾನೆ. ಮಾನ ಇರೋ ಗಂಡು."

"ನೀಲಗಿರಿನೂ ಮರ ಅಲ್ವೇನಜ್ಜಿ?"

"ಅದು ಮರ ಅಲ್ಲ ಮಗ. ಮದುವೆ ಮನೆಗೆ ಬಂದು ಇಡೀ ಹಂಡೆ ಹೆಂಡ ತಾನೇ ಕುಡ್ದು, ನಾಯಿಗೂ ತಳ ಬಿಡದ ನೆಂಟ."

ಆ ನೆಂಟ ಈಗ ನಸೋಲೊದ ಒರತೆಯ ಸುತ್ತಲೇ ಬೀಡುಬಿಟ್ಟಿದ್ದ. ಬೆಟ್ಟದ ನೆತ್ತಿ ಬೋಳಾದರೂ ಒರತೆಯ ಸುತ್ತಲಿನ ಮರಗಳನ್ನು ಎಸ್ಟೇಟಿನವರು ಕಡಿಯಲಿಲ್ಲ. ಅಲ್ಲಿ ಚೆನ್ನಾಗಿ ಕೊಬ್ಬುತ್ತವಲ್ಲ. ಬೇಸಗೆ ಮುಗಿಯುವ ಹೊತ್ತಿಗೆ ತೊರೆಯ ಪಾತ್ರದಲ್ಲಿ ಎದೆಯುದ್ದ ಅಗೆದರೂ ಮರಳು ಒಣಗಿಯೇ ಇತ್ತು. ಮಳೆಗಾಲದ ತಿಂಗಳು ಬಂತು. ಮಳೆ ಬರಲಿಲ್ಲ. ಬಿತ್ತಿದ ಜೋಳ ಮೊಳಕೆಯಲ್ಲೇ ಸುಟ್ಟುಹೋಯಿತು.

ನೀರು ಉಳಿದದ್ದು ಎಸ್ಟೇಟಿನ ಕೊಳವೆಬಾವಿಯಲ್ಲಿ. ಅಲ್ಲಿ ನಲ್ಲಿಗೆ ಬೀಗ. ಬೀಗದ ಕೈ ಕಾವಲುಗಾರ ಸ್ಟೋನಾರ್ಡನ ಸೊಂಟದಲ್ಲಿ. ಸ್ಟೋನಾರ್ಡ್ ಯಜಮಾನ ಬಿಸ್ವಿಕ್‌ನ ತಂಗಿಯ ಮಗ, ಅಂದರೆ ನಮ್ಮ ಪದ್ಧತಿಯಲ್ಲಿ ನಾಳೆಯ ಯಜಮಾನ. ಈಗಲೇ ಅಭ್ಯಾಸ ಮಾಡುತ್ತಿದ್ದ.

ನಲ್ಲಿಯ ನಿಯಮ ಹೀಗೆ: ಬೋಳು ಬೆಟ್ಟಕ್ಕೆ ನೆಡಲು ನರ್ಸರಿಯಲ್ಲಿ ನೀಲಗಿರಿ ಸಸಿ ಬೆಳೆಸಿದ್ದರು. ಕಪ್ಪು ಪ್ಲಾಸ್ಟಿಕ್ ಕೊಳವೆಗಳಲ್ಲಿ, ಸಾಲುಸಾಲಾಗಿ, ನೆರಳಿನ ಪರದೆ ಕೆಳಗೆ. ಹೆಂಗಸರು ಮೊದಲು ಆ ಸಸಿಗಳಿಗೆಲ್ಲ ನೀರು ಹೊತ್ತು ಹಾಕಬೇಕು. ಒಂದು ಸಾಲೂ ಬಿಡಬಾರದು. ಆಮೇಲೆ ಒಬ್ಬೊಬ್ಬಳಿಗೆ ಒಂದು ಕೊಡ. ಕೂಲಿ ಇಲ್ಲ. ನೀರೇ ಕೂಲಿ.

ನಾವು ಬೆನ್ನಿಗೆ ಕೂಸು ಕಟ್ಟಿಕೊಂಡು, ಕತ್ತು ನೋಯಿಸಿಕೊಂಡು, ನಮ್ಮ ತೊರೆಯನ್ನು ಕುಡಿದವನ ಮರಿಗಳಿಗೆ ನೀರುಣಿಸುತ್ತಿದ್ದೆವು. ಮರಿಗಳು ಚೆನ್ನಾಗಿ ಬೆಳೆದಿದ್ದವು. ನಮ್ಮ ಮಕ್ಕಳಿಗಿಂತ ಚೆನ್ನಾಗಿ.

ಅಲ್ಲಿ ಮೊದಲು ಬಾಯಿ ಬಿಟ್ಟವಳು ಪಕ್ಕದ ಮನೆಯ ಫಾಲೆಸಿ. ಎರಡು ಸಲ ಬಿತ್ತಿ ಎರಡು ಸಲವೂ ಕಳೆದುಕೊಂಡಿದ್ದಳು. "ಎಸ್ನಾಟಜ್ಜಿ ಇಟ್ಟಿಗೆ ಮಾತ್ರ ಎಷ್ಟ್ ಚೆಂದ ಒಣಗವೆ ನೋಡ್ರೆವ್ವ," ಎಂದಳು ಸಸಿಗಳ ನಡುವೆ. ಸ್ಟೋನಾರ್ಡ್ ಕೇಳಿಸಿಕೊಂಡ. ಸಂಜೆಗೆ ಮಾತು ಅವನ ಮಾವನ ಮನೆ ತಲುಪಿತು.

ಸಭೆ ನಡೆದದ್ದು ಮರುದಿನ ಮಧ್ಯಾಹ್ನ. ನಾವು ಹೆಂಗಸರು ಅದೇ ತಾನೇ ಕೊಡ ಹೊತ್ತು ಬೆಟ್ಟದಿಂದ ಇಳಿದಿದ್ದೆವು. ಯಾರನ್ನೂ ಮನೆಗೆ ಬಿಡಲಿಲ್ಲ. ನಮ್ಮ ಇಟ್ಟಿಗೆಯ ರಾಶಿಯ ಮುಂದೆ ಎಲ್ಲರನ್ನೂ ಕೂರಿಸಿದರು. ಗಂಡಸರು ಕುರ್ಚಿಯಲ್ಲಿ, ಮಾವಿನ ಮರದ ನೆರಳಿನಲ್ಲಿ. ಅಜ್ಜಿ ಬಿಸಿಲಿನಲ್ಲಿ, ನೆಲದಲ್ಲಿ. ತಲೆವಸ್ತ್ರ ಬಿಚ್ಚು ಎಂದರು. ಬಿಚ್ಚಿದಳು. ಅವಳ ಬೆಳ್ಳಗಿನ ತಲೆಯನ್ನು ನಾನು ಹಗಲಲ್ಲಿ ಹೊರಗೆ ನೋಡಿದ್ದು ಅದೇ ಮೊದಲು.

ಯಜಮಾನ ಬಿಸ್ವಿಕ್ ಕೋಟಿನ ಗುಂಡಿ ಹಾಕಿಕೊಂಡ. ಆ ಸೆಕೆಯಲ್ಲೂ ಕೋಟು. ಎಸ್ಟೇಟಿನವರು ಕೊಟ್ಟದ್ದು.

"ಎಸ್ನಾಟವ್ವ, ಒಪ್ಕೊಬುಡು. ಮೋಡ ಬಿಟ್ಬುಡು. ಊರು ನಿನ್ನ ಕ್ಷಮಿಸ್ತದೆ."

"ಬಿಡಾದೇನೋ ಸರಿ ಬಿಸ್ವಿಕ್. ಬಿಟ್ರೆ ಅದು ಬಂದು ನಿಂತ್ಕೊಳಾಕೆ ಬೆಟ್ಟದ ಮೇಲೆ ಜಾಗ ಎಲ್ ಮಡಗಿದ್ದೀಯ?"

"ಮಾತು ತಿರುಗಿಸ್ಬ್ಯಾಡ."

ಹಿಂದಿನಿಂದ ಒಬ್ಬ ಕೂಗಿದ: "ಅವ್ಳ ಕಣ್ ನೋಡ್ರಪ್ಪೋ, ಕೆಂಪಗವೆ! ಅದೇ ಗುರುತು!"

"ಹೊಗೆ ಕಣಪ್ಪ ಅದು," ಎಂದಳು ಅಜ್ಜಿ. "ನೀನೂ ಒಂದಿನ ಒಲೆ ಮುಂದೆ ಕುಂತು ನೋಡು. ನಿನ್ ಕಣ್ಣೂ ಕೆಂಪಾಯ್ತವೆ. ಹೆಂಡ್ರಿಗೂ ಒಸಿ ಆರಾಮ ಸಿಕ್ತದೆ."

ಹೆಂಗಸರ ಕಡೆ ಯಾರೋ ಕಿಸಕ್ಕೆಂದು ನಕ್ಕರು. ಸ್ಟೋನಾರ್ಡ್ ಬೂಟಿನ ಕಾಲು ಮುಂದಿಟ್ಟ.

"ಅಜ್ಜೀ, ನಾಲಗೆ ಬಿಗಿ ಇರ್ಲಿ."

"ಬೂಟು ಎಸ್ಟೇಟಿಂದು, ಟೋಪಿ ಎಸ್ಟೇಟಿಂದು, ಬೀಗ್ದಕೈನೂ ಎಸ್ಟೇಟಿಂದೇ. ನಾಲಗೆ ಒಂದಾದ್ರೂ ನಿಂದೇನ್ಲಾ ಸ್ಟೋನಾರ್ಡ, ಇಲ್ಲ ಅದ್ನೂ ಸಂಜೆ ವಾಪಸ್ ಕೊಡ್ಬೇಕಾ?"

ಬಿಸ್ವಿಕ್ ಕೈ ಎತ್ತಿದ. "ಕೊನೇ ಸಲ ಕೇಳ್ತೀನಿ. ಮಂಡಿ ಊರು. ಮಳೆ ಕಟ್ಟಿದ್ದೆ, ಬಿಟ್ಟೆ ಅನ್ನು. ಇಲ್ದಿದ್ರೆ ಇಟ್ಟಿಗೆ ಮೇಲೆ ನೀರು ಸುರಿಸ್ತೀನಿ. ಮಳೆ ಕಟ್ಟಿದ ಮದ್ದಿನ ಗಂಟು ಅಲ್ಲೇ ಇರೋದು. ಇಟ್ಟಿಗೆ ಕರಗಿದ್ರೆ ಗಂಟೂ ಕರಗ್ತದೆ."

ಅಜ್ಜಿ ಎದ್ದು ನಿಂತಳು. ಎಷ್ಟು ನಿಲ್ಲಲು ಸಾಧ್ಯವೋ ಅಷ್ಟು. ತಲೆವಸ್ತ್ರ ಕೈಯಲ್ಲೇ ಇತ್ತು.

"ನಂಗೆ ಮಳೆ ಕಟ್ಟಾಕೆ ಬಂದಿದ್ರೆ ಆವತ್ತು ಕಟ್ತಿರ್ನಿಲ್ವಾ?" ಎಂದಳು. ಜೋರಾಗಿ ಹೇಳಲಿಲ್ಲ. "ನನ್ ಮಗ್ಳು ಗೋಡೆ ಕೆಳಗೆ ಅವ್ವಾ ಅಂತ ಕೂಗ್ತಿದ್ಲು. ನೀನೂ ಅಲ್ಲೇ ನಿಂತಿದ್ದೆ ಬಿಸ್ವಿಕ್. ಕೇಳುಸ್ಕೊಂಡೆ. ಅಷ್ಟೊತ್ತೂ ಮಳೆ ನಿಲ್ನಿಲ್ಲ. ಆಗ ಕಟ್ಟದೆ ಇರೋ ಮಳೆನಾ ಈ ಮಣ್ಣಿನ ಹೆಂಟೆಗಾಗಿ ಕಟ್ಟೇನಾ ನಾನು?"

ಬಿಸ್ವಿಕ್ ಒಮ್ಮೆ ಕೆಮ್ಮಿದ. ಆಮೇಲೆ ಹೆಂಗಸರ ಕಡೆ ತಿರುಗಿದ. ನಾಚಿಕೆಯಾದವನು ಬೇಗ ಅಪ್ಪಣೆ ಕೊಡುತ್ತಾನೆ.

"ಸುರೀರಿ. ಒಬ್ಬೊಬ್ರೂ ಒಂದ್ ಕೊಡ. ಫಾಲೆಸಿ, ನೀನ್ ಮೊದ್ಲು."

ಫಾಲೆಸಿ ಎದ್ದಳು. ಸಿಂಬಿ ಸರಿಮಾಡಿಕೊಂಡಳು. ಕೊಡ ಎತ್ತಿ ಇಟ್ಟಿಗೆಯವರೆಗೆ ಬಂದಳು. ನಿಂತಳು. ಕೊಡದೊಳಗೆ ನೋಡಿದಳು. ಮತ್ತೆ ಅದನ್ನು ತನ್ನ ಕಾಲಿನ ಹತ್ತಿರ ನೆಲಕ್ಕಿಟ್ಟಳು.

"ಯಾಕೆ?"

"ಸುರಿಯಾಕಿಲ್ಲ."

"ಏನಂದೆ?"

"ಯಜಮಾನ್ರೆ, ಕೋಳಿ ಕೂಗಾಕ್ ಮುಂಚಿಂದ ಆ ಸಸಿಗಳಿಗೆ ನೀರ್ ಹೊತ್ತಿದ್ದೀನಿ, ಈ ಒಂದ್ ಕೊಡಕ್ಕೆ. ಇಲ್ ನೋಡಿ, ಕತ್ತು ಊದಿದೆ. ಎಸ್ನಾಟಜ್ಜಿ ಮಾಟಗಾತಿನೇ ಇರ್ಬೋದು, ನಂಗೊತ್ತಿಲ್ಲ. ನನ್ ಮಗೀಗೆ ಬಾಯಾರಿದೆ, ಅದು ಗೊತ್ತು. ಮಣ್ಣಿಗೆ ಸುರೀಬೇಕು ಅಂದ್ರೆ ನಿಮ್ ಮನೆ ಹಂಡೆ ತತ್ತನ್ನಿ."

ಒಬ್ಬಳ ಹಿಂದೆ ಒಬ್ಬಳಂತೆ ಹೆಂಗಸರು ಕೊಡದ ಬಾಯಿಗೆ ಅಂಗೈ ಮುಚ್ಚಿದರು. ಸುಮ್ಮನೆ ಅಂಗೈ ಮುಚ್ಚಿ ಕೂತರು.

ನೀರಿಲ್ಲದ ಊರಲ್ಲಿ ಇಟ್ಟಿಗೆ ಕರಗಿಸಲು ನೀರಿಲ್ಲ ಎನ್ನುವುದು ಬಿಸ್ವಿಕ್‌ನ ಕೋಟಿಗೆ ಆಗ ಹೊಳೆಯಿತು. ಅವನು ಸ್ಟೋನಾರ್ಡನ ಕಿವಿಯಲ್ಲಿ ಏನೋ ಹೇಳಿದ. ಸ್ಟೋನಾರ್ಡ್ ಫೋನ್ ಹಿಡಿದು ಆಚೆ ಹೋದ.

ಟ್ಯಾಂಕರ್ ಬಂತು.

ಹೌದು, ಟ್ಯಾಂಕರ್. ಹೋದ ವರ್ಷ ವಾಂತಿಭೇದಿಗೆ ಮಕ್ಕಳು ಸತ್ತಾಗ ಬಾರದಿದ್ದದ್ದು. ಆಗ ಕೆಟ್ಟಿತ್ತಂತೆ. ಈಗ ಊರಿನ ನಂಬಿಕೆಗೆ ಎಸ್ಟೇಟಿನ ಕಾಣಿಕೆಯಾಗಿ ತುಳುಕುತ್ತ ಬಂತು. ಮಳೆ ಇಲ್ಲದ್ದಕ್ಕೆ ಮುದುಕಿಯೇ ಕಾರಣ ಎಂದು ಊರು ತೀರ್ಮಾನಿಸಿದರೆ ಎಸ್ಟೇಟಿಗೆ ಒಂದು ಟ್ಯಾಂಕರ್ ನೀರು ಯಾವ ಲೆಕ್ಕ?

ಅಜ್ಜಿ ಇಟ್ಟಿಗೆಯ ರಾಶಿ ಹತ್ತಿ ಮೇಲೆ ಕೂತಳು. ನಾನು ಮುಂದೆ ನಿಂತೆ. ಅಜ್ಜಿಯ ಕಥೆಯಲ್ಲಾಗಿದ್ದರೆ ಈ ಹೊತ್ತಿಗೆ ಮೊಲ ಬಂದು ಒಂದು ಉಪಾಯ ಹೇಳಬೇಕಿತ್ತು. ನಾನು ನಿಜವಾಗಿ ಪೊದೆಯ ಕಡೆ ನೋಡಿದೆ. ಬರಲಿಲ್ಲ. ಬಂದಿದ್ದರೂ ಸ್ಟೋನಾರ್ಡ್ ಹಿಡಿದು ಬೇಯಿಸಿಕೊಂಡು ತಿನ್ನುತ್ತಿದ್ದ.

ಪೈಪಿನ ನೀರು ಮೊದಲು ನನ್ನ ಎದೆಗೆ ಬಡಿಯಿತು. ಬಿದ್ದೆ. ಆಮೇಲೆ ಇಟ್ಟಿಗೆಗೆ. ಕೆಳಗಿನ ಸಾಲು ಮೊದಲು ಮೆತ್ತಗಾಯಿತು, ಆಮೇಲೆ ಬಾಯಿ ಬಿಟ್ಟಿತು. ನಮ್ಮ ಇಡೀ ಬೇಸಗೆ ಕೆಂಪಗೆ ಹರಿಯಿತು. ಮೇಲೆ ಕೂತ ಅಜ್ಜಿಯ ಬಟ್ಟೆ ಮೈಗೆ ಅಂಟಿ ಎಲುಬೆಲ್ಲ ಕಂಡವು. ಗಂಡಸರು ನಕ್ಕರು. ಅವಳನ್ನು ಅಮ್ಮ ಎಂದು ಕರೆದು ಅವಳ ಕೈಯ ನ್ಸಿಮಾ ಮುದ್ದೆ ತಿಂದು ಬೆಳೆದ ಗಂಡಸರು. ರಾಶಿ ಒಂದು ಕಡೆ ಕುಸಿಯಿತು. ಅವಳು ಕುಸಿಯುತ್ತಲೇ ಜಾರಿ ಬಂದಳು, ಕೂತ ಭಂಗಿಯಲ್ಲೇ.

ಆಗ ಹೆಂಗಸರು ಓಡಿ ಬಂದರು. ಅವಳನ್ನು ಎತ್ತಲಿಕ್ಕೆ ಎಂದುಕೊಂಡೆ. ಅಲ್ಲ. ಕೊಡ, ಬೋಗುಣಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಆ ಕೆಂಪು ನೀರಿಗೆ ಒಡ್ಡಿದರು. ಮಂಡಿಯೂರಿ ಬೊಗಸೆಯಲ್ಲಿ ಬಾಚಿದರು. ಮಕ್ಕಳು ಬೋರಲಾಗಿ ಮಲಗಿ ಆಡುಗಳ ಪಕ್ಕ ಕುಡಿದವು. ಅಜ್ಜಿ ಕೆಸರಿನಲ್ಲಿ ಕೂತೇ ಒಬ್ಬಳ ಕೊಡವನ್ನು ಓರೆ ಮಾಡಿ ತೋರಿಸಿದಳು. "ಹಂಗಲ್ಲ ಮಗ. ಹಿಂಗ್ ಹಿಡ್ಕೊ. ಜಾಸ್ತಿ ತುಂಬ್ತದೆ."

ಟ್ಯಾಂಕರ್ ಖಾಲಿಯಾಯಿತು. ಗಂಡಸರು ತಲೆ ಎತ್ತಿ ಆಕಾಶ ನೋಡಿದರು.

ಆಕಾಶಕ್ಕೆ ಯಾರೂ ವಿಷಯ ತಿಳಿಸಿರಲಿಲ್ಲ.

ವಾರ ಕಳೆಯಿತು. ಮಧ್ಯೆ ಒಂದು ದಿನ ಮೋಡ ಬಂತು. ಬೋಳು ನೆತ್ತಿಯ ಮೇಲೆ ತೆವಳಿತು, ನಿಲ್ಲಲಿಲ್ಲ, ದಾಟಿಹೋಯಿತು. ಕೋಟಿನವನು ಅದಕ್ಕೂ ಉತ್ತರ ಹುಡುಕಿದ: ಗಂಟು ಇಟ್ಟಿಗೆಯಲ್ಲಿ ಇರಲಿಲ್ಲವಂತೆ, ಮುದುಕಿಯ ಮೈಯಲ್ಲೇ ಇದೆಯಂತೆ. ಅವಳು ಊರು ಬಿಟ್ಟರೆ ಮಳೆ ಬರುತ್ತದಂತೆ. ಭಾನುವಾರದೊಳಗೆ ಹೋಗಬೇಕು, ಇಲ್ಲವೇ ಚಪ್ಪರಕ್ಕೆ ಬೆಂಕಿ. ನಾವು ಮಲಗುತ್ತಿದ್ದದ್ದು ಆ ಹುಲ್ಲಿನ ಚಪ್ಪರದಲ್ಲಿ. ಅವಳು ಅಮ್ಮನ ಗೋರಿ ಬಿಟ್ಟು ಎಲ್ಲಿಗೆ ಹೋಗಬೇಕು ಎಂದು ಅವನು ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಫಾಲೆಸಿ ನಮ್ಮ ಚಪ್ಪರದ ಮುಂದೆ ಬಂದು ನಿಂತಳು. ಕಂಕುಳಲ್ಲಿ ಕೊಡ. ಅದನ್ನು ಬಗ್ಗಿಸಿ ತೋರಿಸಿದಳು. ತಳದಲ್ಲಿ ಕೆಂಪು ಗಸಿ.

"ನಿನ್ ಇಟ್ಟಿಗೆ ಕಣಜ್ಜಿ. ಮೇಲಿನ್ ತಿಳಿ ಮಗೀಗೆ ಕುಡಿಸ್ದೆ. ಇದು ಉಳ್ಕೊಂತು." ಕೊಡ ಕೆಳಗಿಟ್ಟಳು. "ಮೊದ್ಲು ಮಾತೆತ್ತಿದೋಳು ನಾನೇ."

"ಗೊತ್ತು."

"ಬಯ್ಯಾಕಿಲ್ವಾ?"

"ಬಯ್ದು ಬಾಯ್ ಒಣಗಿಸ್ಕೊಳಾಕೆ ನೀರೆಲ್ಲೈತೆ?"

ಫಾಲೆಸಿ ನೆಲದ ಮೇಲೆ ಕುಕ್ಕರಿಸಿದಳು. "ಇಟ್ಟಿಗೆ ಕರಗ್ತು. ಮಳೆ ಬರ್ನಿಲ್ಲ. ಎಲ್ರೂ ನೋಡಿದ್ರು. ಅಂಗಾರೆ ನಸೋಲೊ ನೀರ್ ಎಲ್ಲೋಯ್ತು ಅಜ್ಜಿ? ಮಳೆ ಮೇಲಿಂದು, ಬುಡು. ತೊರೆ ನೆಲದ್ದಲ್ವಾ? ಅದನ್ ಕಟ್ಟಿದೋರ್ಯಾರು? ನೀ ಒಂದ್ ಕತೆ ಹೇಳ್ತಿದ್ದೆಯಲ್ಲ, ಹಂಡೆ ಕುಡ್ದ ನೆಂಟಂದು..."

"ಕತೆ ಕೇಳಿ ಏನ್ ಮಾಡೀಯ," ಎಂದಳು ಅಜ್ಜಿ. "ಗುದ್ದಲಿ ಐತಾ?"

ಅಂದು ಸಸಿಗಳಿಗೆ ಯಾರೂ ನೀರು ಹಾಕಲಿಲ್ಲ. ನಾವು ನರ್ಸರಿಯ ಪಕ್ಕದಲ್ಲೇ ನಡೆದು ಹೋದೆವು. ಕೊಡದ ಬದಲು ಗುದ್ದಲಿ, ಮಚ್ಚು. ಸ್ಟೋನಾರ್ಡ್ ಬೀಗದ ಕೈ ಹಿಡಿದು ನಿಂತಿದ್ದ. ಬೀಗ ತೆಗೆಯದೆ ಹೆದರಿಸುವುದು ಅವನಿಗೆ ಗೊತ್ತಿತ್ತು. ನೀರನ್ನೇ ಕೇಳದವರನ್ನು ಹೇಗೆ ಹೆದರಿಸಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಎಲ್ಲಿಗೆ?"

"ಒರತೆ ನೋಡಾಕೆ," ಎಂದಳು ಫಾಲೆಸಿ. "ನಮ್ ತವರು ಮನೆ."

ಒರತೆಯ ಜಾಗದಲ್ಲಿ ತರಗೆಲೆ ಇತ್ತು. ಸುತ್ತ ನೀಲಗಿರಿ, ನೆಟ್ಟಗೆ, ಸಾಲಾಗಿ, ಸಿಪಾಯಿಗಳ ಹಾಗೆ. ಕೆಳಗೆ ಹುಲ್ಲಿಲ್ಲ. ಒಂದು ಹಕ್ಕಿ ಇಲ್ಲ. ಮಚ್ಚಿನ ಮೊದಲ ಏಟು ಹಾಕಿದ್ದು ಯಾರೆಂದು ನಾನು ಹೇಳುವುದಿಲ್ಲ. ಪೊಲೀಸರು ಅದನ್ನೇ ಕೇಳುತ್ತಾರೆ.

ಮರ ಬಿತ್ತು. ಹೆಂಗಸರು ಉಸ್ಸೆಂದರು. ಅಜ್ಜಿ ಕೋಲೂರಿಕೊಂಡು ಬೊಡ್ಡೆಯ ಹತ್ತಿರ ಬಂದಳು.

"ಆಗ್ಲೇ ಕೂತ್ರಾ? ಇದನ್ ಕಡಿದ್ರೆ ಸಾಯಾಕಿಲ್ಲ. ಬುಡ ಬಿಟ್ರೆ ಬರೋ ವರ್ಷ ನಾಕ್ ತಲೆ ಎತ್ಕೊಂಡ್ ಬತ್ತದೆ. ಬೇರು ಕೀಳ್ಬೇಕು. ಮರ ಹಂಗೇ ಒಣಗ್ಲಿ. ರಾಶಿ ಆಚೆ ಮಗ್ಗುಲಲ್ಲಿ ಕರಗ್ದೆ ಉಳ್ದಿರೋ ಇಟ್ಟಿಗೆ ಸುಡಾಕಾಯ್ತದೆ."

"ಊರು ಬಿಡು ಅಂದವ್ರೆ ನಿಂಗೆ," ಎಂದೆ ನಾನು. "ಇಟ್ಟಿಗೆ ಸುಟ್ಟು ಏನ್ ಮಾಡ್ತೀಯ?"

"ಅಂದೋನು ಬಿಸ್ವಿಕ್. ನೆಲ ನಮ್ಮವ್ವಂದು, ಅವ್ಳವ್ವಂದು. ಆಮೇಲೆ ನಿಂದು. ಅಗಿ."

ಅಗೆದೆವು. ನೀಲಗಿರಿಯ ಬೇರು ಅಗೆದವರಿಗೇ ಗೊತ್ತು. ಗುದ್ದಲಿಯ ಕಾವು ಮುರಿಯಿತು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಬೇರು ಸುಮ್ಮನೆ ಇಳಿಯುತ್ತಲೇ ಹೋಯಿತು, ಒರತೆಯ ಕಡೆಗೆ, ಯಾರದೋ ಮನೆಗೆ ಕನ್ನ ಕೊರೆಯುತ್ತ ಹೋದವನ ಹಾಗೆ. ಹೊತ್ತು ನೆತ್ತಿಗೆ ಬಂತು. ನಾನು ಹೊಂಡದೊಳಗೆ ಇಳಿದು ಕೈಯಿಂದ ಮಣ್ಣು ಕೆರೆಯುತ್ತಿದ್ದೆ. ಹೆಬ್ಬೆರಳಿನಷ್ಟಿದ್ದ ಬೇರು ಕೂದಲಿನಂತೆ ಸೀಳಿ ಹರಡಿದ ಜಾಗದಲ್ಲಿ ಮಣ್ಣು ತಣ್ಣಗಿತ್ತು. ಇನ್ನೂ ಕೆರೆದೆ. ಉಗುರಿನ ಸಂದಿ ಕಪ್ಪಾಯಿತು. ಕೈ ಎತ್ತಿ ಕೆನ್ನೆಗೆ ಒತ್ತಿದೆ.

"ಅಜ್ಜಿ, ಒದ್ದೆ!"

ನೀರು ಚಿಮ್ಮಲಿಲ್ಲ. ಯಾರೂ ಕುಣಿಯಲಿಲ್ಲ. ಬರೀ ಒದ್ದೆ ಮಣ್ಣು. ಫಾಲೆಸಿ ಒಂದು ಹಿಡಿ ಇಸಿದುಕೊಂಡು ಮೂಗಿಗೆ ಹಿಡಿದಳು. ಆಮೇಲೆ ಇನ್ನೊಬ್ಬಳಿಗೆ ಕೊಟ್ಟಳು. ಅವಳು ಮತ್ತೊಬ್ಬಳಿಗೆ.

ಕೆಳಗಿನ ದಾರಿಯಲ್ಲಿ ಧೂಳೆದ್ದಿತು. ಎರಡು ಜೀಪು. ಮುಂದಿನದು ಎಸ್ಟೇಟಿನದು, ಹಿಂದಿನದು ಪೊಲೀಸರದು. ಯಜಮಾನನ ಕೋಟು ಇಷ್ಟು ದೂರಕ್ಕೂ ಕಾಣುತ್ತಿತ್ತು.

"ಬಂದ್ರು," ಎಂದಳು ಯಾರೋ ಒಬ್ಬಳು. ಗುದ್ದಲಿಗಳು ನಿಂತವು.

ಅಜ್ಜಿ ಹೊಂಡದ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಕಾವು ಮುರಿದ ಗುದ್ದಲಿಯನ್ನು ತಿರುಗಿಸಿ ನೋಡಿದಳು.

"ಬರ್ಲಿ ಬುಡು," ಎಂದಳು. "ಎಷ್ಟ್ ಜನ ಅವ್ರೆ ನೋಡು. ಬರಿಗೈಲಿ ಬತ್ತಾವ್ರಾ, ಗುದ್ದಲಿ ಏನಾದ್ರೂ ತತ್ತಾವ್ರಾ?"